ಕಾನೂನು ಬಂದಾಯಿತಲ್ಲ, ಇನ್ನೂ ಎಂಥ ವೇತನ ಅಂತರ?

ಮಾರ್ಚ್ 8 ಸಮೀಪಿಸಿದಾಗಲೆಲ್ಲ ನನಗೆ ಬರುವ ಪ್ರಶ್ನೆಗಳು ಹಳೆಯವೇ. ಕೇಳುವ ಧಾಟಿ ಮಾತ್ರ ವರ್ಷದಿಂದ ವರ್ಷಕ್ಕೆ ಒರಟಾಗುತ್ತಿದೆ. ಯಾವ ಹುದ್ದೆಗೆ ಎಷ್ಟು ಸಂಬಳ, ಅದನ್ನು ಯಾರು ಯಾವ ಲೆಕ್ಕದಲ್ಲಿ ನಿಗದಿ ಮಾಡಿದರು ಎಂದು ಪರಿಶೀಲಿಸುವುದು ನನ್ನ ವೃತ್ತಿ. ಆದ್ದರಿಂದ ಈ ಸಲದ ಹೆಚ್ಚಿನ ಜಾಗ ಸಂಬಳದ ಪ್ರಶ್ನೆಗೇ ಮೀಸಲು. ಸಮಾನತೆ ಬೇಕೇ ಬೇಡವೇ ಎಂದು ಕೇಳಿರುವ ಪತ್ರಗಳಿಗೆ ಉತ್ತರಿಸುವುದಿಲ್ಲ.

ಪ್ರಶ್ನೆ: ನ್ಯೂಯಾರ್ಕ್‌ನ ಉಡುಪು ಕಾರ್ಖಾನೆಯ ಮಹಿಳೆಯರು 1857ರ ಮಾರ್ಚ್ 8ರಂದು ನಡೆಸಿದ ಮುಷ್ಕರದ ನೆನಪಿಗೆ ಮಹಿಳಾ ದಿನ ಆಚರಿಸುತ್ತಾರಂತೆ. ನಿಜವೇ?

ಅಲ್ಲ. ಇತಿಹಾಸಕಾರರು ಹುಡುಕಿ ನೋಡಿದ್ದಾರೆ, ಅಂಥ ಮುಷ್ಕರದ ದಾಖಲೆಯೇ ಸಿಕ್ಕಿಲ್ಲ. ಅಂತರರಾಷ್ಟ್ರೀಯ ದಿನವೊಂದು ಬೇಕೆಂಬ ಪ್ರಸ್ತಾಪವನ್ನು ಕ್ಲಾರಾ ಜೆಟ್ಕಿನ್ ಮತ್ತು ಸಂಗಡಿಗರು ಮುಂದಿಟ್ಟದ್ದು 1910ರಲ್ಲಿ, ಕೋಪನ್‌ಹೇಗನ್‌ನ ಸಮಾಜವಾದಿ ಮಹಿಳಾ ಸಮ್ಮೇಳನದಲ್ಲಿ. ಮಾರ್ಚ್ 8 ಎಂಬ ದಿನಾಂಕ ಗಟ್ಟಿಯಾದದ್ದು 1917ರಲ್ಲಿ ರಷ್ಯಾದ ಪೆಟ್ರೊಗ್ರಾಡ್‌ನ ಜವಳಿ ಕಾರ್ಮಿಕ ಮಹಿಳೆಯರು ರೊಟ್ಟಿಗಾಗಿ ಬೀದಿಗಿಳಿದ ಮೇಲೆ. ಆ ಮುಷ್ಕರ ಬೆಳೆದು ಝಾರ್ ದೊರೆಯ ಆಳ್ವಿಕೆಯನ್ನೇ ಉರುಳಿಸಿತು. ನಿಜವಾಗಿ ನಡೆದ ಇಷ್ಟು ದೊಡ್ಡ ಸಂಗತಿಯನ್ನು ಬಿಟ್ಟು ಕಟ್ಟುಕತೆಯನ್ನು ವೇದಿಕೆಯ ಮೇಲೆ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಪ್ರಶ್ನೆ: ಪುರುಷರಿಗೆ ಒಂದು ದಿನ ಏಕಿಲ್ಲ?

ಇದೆ. ನವೆಂಬರ್ 19.

ಪ್ರಶ್ನೆ: ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಸಂಬಳ ಕೊಡುವುದು ಎಷ್ಟೋ ದೇಶಗಳಲ್ಲಿ ಅಪರಾಧ. ಆದರೂ ಮಹಿಳೆಯರ ಗಳಿಕೆ ಶೇ 20ರಷ್ಟು ಕಡಿಮೆ ಎಂದು ನಿಮ್ಮಂಥವರು ಹೇಳುತ್ತಲೇ ಇರುತ್ತೀರಿ. ಅವರೇ ಕಡಿಮೆ ಸಂಬಳದ ಕೆಲಸ ಆರಿಸಿಕೊಂಡರೆ ಯಾರು ಹೊಣೆ? ಇದು ಅಂಕಿಸಂಖ್ಯೆಯ ಮೋಸವಲ್ಲವೇ?

ಈ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಬಂದಿದೆ. ತಾನೊಬ್ಬನೇ ಇದನ್ನು ಕಂಡುಹಿಡಿದೆ ಎಂಬ ಹುರುಪು ಎಲ್ಲರಲ್ಲೂ ಇದೆ. ಶೇ 20 ಎಂಬುದು ಜಗತ್ತಿನ ಎಲ್ಲ ದುಡಿಯುವ ಮಹಿಳೆಯರ ಮತ್ತು ಪುರುಷರ ಸರಾಸರಿ ಗಳಿಕೆಯ ನಡುವಿನ ಅಂದಾಜು ವ್ಯತ್ಯಾಸ. ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವ ಗಂಡಸಿಗಿಂತ ಅಷ್ಟು ಕಡಿಮೆ ಎಂದು ಅದರ ಅರ್ಥವಲ್ಲ. ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರು ನಮ್ಮ ವಾದವನ್ನೇ ದುರ್ಬಲಗೊಳಿಸುತ್ತಾರೆ. ಆದರೆ ಅಂತರಕ್ಕೆ ಕಾರಣ ಗೊತ್ತಾದ ಮಾತ್ರಕ್ಕೆ ಅಂತರ ನ್ಯಾಯವಾಗುವುದಿಲ್ಲ. ಅನ್ಯಾಯ ಎಲ್ಲಿ ಕುಳಿತಿದೆ ಎಂಬುದು ತಿಳಿಯುತ್ತದೆ, ಅಷ್ಟೇ.

ಅದು ಮೊದಲು ಕುಳಿತಿರುವುದು ಹುದ್ದೆಗೆ ಬೆಲೆ ಕಟ್ಟುವ ಕಡತದಲ್ಲಿ. ಇಂಗ್ಲೆಂಡಿನ ಡ್ಯಾಗನಮ್‌ನಲ್ಲಿದ್ದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುತ್ತಿದ್ದ 187 ಮಹಿಳೆಯರು 1968ರಲ್ಲಿ ಯಂತ್ರ ನಿಲ್ಲಿಸಿ ಹೊರಬಂದರು. ಕೆಲಸಕ್ಕೆ ಸೇರುವ ಮುನ್ನ ಹೊಲಿಗೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. ಸೇರಿದ ಮೇಲೆ ಅವರದು ಕುಶಲವಲ್ಲದ ಕೆಲಸ ಎಂಬ ದರ್ಜೆ ಸಿಗುತ್ತಿತ್ತು. ಸೀಟಿಲ್ಲದೆ ಕಾರು ಹೊರಬೀಳದು. ಉತ್ಪಾದನೆ ನಿಂತಿತು, ಸಚಿವೆ ಬಾರ್ಬರಾ ಕಾಸಲ್ ಮಧ್ಯೆ ಬಂದರು, ಪುರುಷರ ದರದ ಶೇ 92ಕ್ಕೆ ಒಪ್ಪಂದವಾಯಿತು. 1970ರಲ್ಲಿ ಬ್ರಿಟನ್‌ಗೆ ಸಮಾನ ವೇತನ ಕಾಯ್ದೆ ಬರಲು ಈ ಮುಷ್ಕರವೇ ದೊಡ್ಡ ಪ್ರೇರಣೆ. ಕತೆಯನ್ನು ಎಲ್ಲರೂ ಇಲ್ಲಿಗೇ ಮುಗಿಸುತ್ತಾರೆ. ನಮ್ಮ ಕೆಲಸವನ್ನು ಕುಶಲ ಕೆಲಸವೆಂದು ಗುರುತಿಸಿ ಎಂಬ ಆ ಹೆಂಗಸರ ಮೂಲ ಬೇಡಿಕೆ ಈಡೇರಿದ್ದು 1984ರಲ್ಲಿ, ಮತ್ತೊಂದು ಮುಷ್ಕರದ ನಂತರ. ಕಾಯ್ದೆ ಬಂದು ಹದಿನಾಲ್ಕು ವರ್ಷವಾಗಿತ್ತು.

ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂಬ ನಿಯಮ ಇಂಥಲ್ಲಿ ಕೈಕೊಡುತ್ತದೆ. ಇಡೀ ವಿಭಾಗದಲ್ಲಿ ಹೆಂಗಸರೇ ಇದ್ದರೆ ಯಾರೊಂದಿಗೆ ಹೋಲಿಸುವುದು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1951ರ ನೂರನೆಯ ಒಡಂಬಡಿಕೆ ಆಗಲೇ ಇದನ್ನು ಅರಿತು, ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂದು ಬರೆಯಿತು. ಕೆಲಸ ಬೇರೆಯಾಗಿರಬಹುದು, ಅದು ಬೇಡುವ ಕೌಶಲ, ಶ್ರಮ, ಹೊಣೆಗಾರಿಕೆ ಮತ್ತು ಕೆಲಸದ ಪರಿಸ್ಥಿತಿಯನ್ನು ಅಳೆದು ತೂಗಿ ನೋಡಬೇಕು. ನನ್ನ ವೃತ್ತಿಯ ನಾಚಿಕೆಗೇಡು ಇರುವುದು ಈ ಅಳತೆಪಟ್ಟಿಗಳಲ್ಲೇ. ಗೋದಾಮಿನವನು ಎತ್ತುವ ಮೂಟೆಯ ತೂಕಕ್ಕೆ ಅಂಕವಿದೆ, ಶುಶ್ರೂಷಕಿ ಹಾಸಿಗೆಯಿಂದ ಎತ್ತಿ ಕೂರಿಸುವ ರೋಗಿಯ ತೂಕಕ್ಕಿಲ್ಲ. ಯಂತ್ರದ ಸದ್ದಿಗೆ ಅಂಕವಿದೆ, ಮರೆವಿನ ಕಾಯಿಲೆಯ ಹಿರಿಯರು ಹೊಡೆದಾಗ, ಬೈದಾಗ ಸಮಾಧಾನದಿಂದ ನಿಭಾಯಿಸುವುದಕ್ಕಿಲ್ಲ. ಅದು ಹೆಣ್ಣಿಗೆ ಹುಟ್ಟುಗುಣವೆಂದು ಪಟ್ಟಿ ಬರೆದವರು ಭಾವಿಸಿದ್ದರು. ಹುಟ್ಟುಗುಣಕ್ಕೆ ಸಂಬಳವೇಕೆ ಎಂಬ ತರ್ಕ ಅದರೊಳಗೇ ಅಡಗಿತ್ತು.

ನ್ಯೂಜಿಲೆಂಡ್‌ನ ಕ್ರಿಸ್ಟೀನ್ ಬಾರ್ಟ್‌ಲೆಟ್ ಈ ತರ್ಕವನ್ನು ನ್ಯಾಯಾಲಯಕ್ಕೆ ಎಳೆದರು. ಇಪ್ಪತ್ತು ವರ್ಷ ವೃದ್ಧರ ಆರೈಕೆ ಮಾಡಿದ ಮೇಲೂ ಅವರ ಕೂಲಿ ಕನಿಷ್ಠ ವೇತನಕ್ಕಿಂತ ತುಸುವೇ ಹೆಚ್ಚು. ನಮ್ಮಲ್ಲಿರುವ ನಾಲ್ಕಾರು ಗಂಡಸರಿಗೂ ಇಷ್ಟೇ ಕೊಡುತ್ತೇವೆ, ತಾರತಮ್ಯ ಎಲ್ಲಿದೆ ಎಂಬುದು ಮಾಲೀಕರ ವಾದ. ನಿಮ್ಮ ಪತ್ರದ ವಾದವೂ ಅದೇ. 2013ರಲ್ಲಿ ಉದ್ಯೋಗ ನ್ಯಾಯಾಲಯ, ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಇಡೀ ವೃತ್ತಿಯೇ ಹೆಂಗಸರದ್ದೆಂಬ ಕಾರಣಕ್ಕೆ ಅಗ್ಗವಾಗಿದ್ದರೆ, ಅದರೊಳಗಿನ ಕೆಲವು ಗಂಡಸರ ಸಂಬಳ ಅಳತೆಗೋಲಾಗದು ಎಂಬುದು ತೀರ್ಪಿನ ತಿರುಳು. 2017ರಲ್ಲಿ ಸರ್ಕಾರ 200 ಕೋಟಿ ನ್ಯೂಜಿಲೆಂಡ್ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಸುಮಾರು 55,000 ಆರೈಕೆ ಕೆಲಸಗಾರರ ಸಂಬಳ ಏರಿತು. ಆದರೆ 2025ರ ಮೇ ತಿಂಗಳಲ್ಲಿ ಅದೇ ದೇಶದ ಸಂಸತ್ತು ತರಾತುರಿಯಲ್ಲಿ ಕಾಯ್ದೆ ತಿದ್ದಿ, ವಿಚಾರಣೆಯಲ್ಲಿದ್ದ ಇಂಥ 33 ಅರ್ಜಿಗಳನ್ನು ರದ್ದು ಮಾಡಿತು. ಕಾನೂನು ಬಂದಾಯಿತಲ್ಲ ಎಂದು ನಿಶ್ಚಿಂತರಾಗಿರುವವರು ಇದನ್ನು ಓದಿಕೊಳ್ಳಬೇಕು.

ಇನ್ನು ಆಯ್ಕೆಯ ಮಾತು. ಡೆನ್ಮಾರ್ಕ್‌ನ ದಾಖಲೆಗಳನ್ನು ಹಿಡಿದು ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಸಹೋದ್ಯೋಗಿಗಳು ತೋರಿಸಿದ್ದು ಇದು: ಮೊದಲ ಮಗು ಹುಟ್ಟುವ ತನಕ ಗಂಡು ಹೆಣ್ಣುಗಳ ಗಳಿಕೆಯ ಗೆರೆಗಳು ಜೊತೆಯಾಗಿ ಏರುತ್ತವೆ. ಮಗು ಹುಟ್ಟಿದೊಡನೆ ತಾಯಿಯ ಗೆರೆ ಕುಸಿದು, ದೀರ್ಘಕಾಲದಲ್ಲೂ ಸುಮಾರು ಶೇ 20ರಷ್ಟು ಕೆಳಗೇ ಉಳಿಯುತ್ತದೆ. ತಂದೆಯ ಗೆರೆ ಅಲುಗುವುದೇ ಇಲ್ಲ. ಸಮಾನತೆಗೆ ಹೆಸರಾದ ದೇಶದ ಚಿತ್ರವಿದು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದರ ಒಳಗುಟ್ಟನ್ನು ಬಿಡಿಸಿದ್ದಾರೆ. ಹೊತ್ತುಗೊತ್ತಿಲ್ಲದೆ ದುಡಿಯುವವರಿಗೆ, ರಾತ್ರಿ ಕರೆದರೂ ಓಗೊಡುವವರಿಗೆ ಕೆಲವು ಉದ್ಯೋಗಗಳು ವಿಪರೀತ ಹೆಚ್ಚು ಕೊಡುತ್ತವೆ. ಮಗುವಿಗೆ ಜ್ವರ ಬಂದಾಗ ಮನೆಯಿಂದಲೂ ಕರೆ ಬರುತ್ತದೆ. ಎರಡೂ ಕರೆಗೆ ಒಬ್ಬರೇ ಓಗೊಡಲಾಗದ್ದರಿಂದ ದಂಪತಿ ಹಂಚಿಕೊಳ್ಳುತ್ತಾರೆ, ಹೆಚ್ಚು ಗಳಿಸುವವರು ಕಚೇರಿಯ ಕರೆಗೆ ಉಳಿಯುತ್ತಾರೆ. ಅದು ಯಾರೆಂದು ನಿಮಗೂ ಗೊತ್ತು. ಸಂಬಳವಿಲ್ಲದ ಆರೈಕೆ ಮತ್ತು ಮನೆಗೆಲಸದ ಒಟ್ಟು ಹೊತ್ತಿನಲ್ಲಿ ಶೇ 76.2ರಷ್ಟನ್ನು ಹೊರುವವರು ಮಹಿಳೆಯರು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಲೆಕ್ಕ ಹಾಕಿತ್ತು.

ಮನೆಯಲ್ಲಿರಲು ಇಷ್ಟಪಟ್ಟ ಹೆಣ್ಣಿನ ಮೇಲೆ ನನಗೆ ತಕರಾರಿಲ್ಲ. ಇನ್ನೊಂದು ದಾರಿಯನ್ನು ಮುಚ್ಚಿಟ್ಟು, ಉಳಿದ ದಾರಿಯಲ್ಲಿ ನಡೆದವಳನ್ನು ನೀನೇ ಆರಿಸಿಕೊಂಡೆ ಎನ್ನುವವರ ಮೇಲೆ ಖಂಡಿತ ಇದೆ. ಆ ದಾರಿಯನ್ನು ತೆರೆಯಬಹುದು. ನಾರ್ವೆ 1993ರಲ್ಲಿ ತಂದೆಗೆಂದೇ ರಜೆ ಮೀಸಲಿಟ್ಟಿತು. ಅವನು ಬಳಸದಿದ್ದರೆ ಕುಟುಂಬಕ್ಕೇ ಆ ರಜೆ ಇಲ್ಲ. ಅದಕ್ಕೂ ಮುಂಚೆ ಬೆರಳೆಣಿಕೆಯ ತಂದೆಯರು ತೆಗೆದುಕೊಳ್ಳುತ್ತಿದ್ದ ರಜೆಯನ್ನು ಕೆಲವೇ ವರ್ಷಗಳಲ್ಲಿ ಬಹುಪಾಲು ತಂದೆಯರು ತೆಗೆದುಕೊಳ್ಳತೊಡಗಿದರು. ಇದರಿಂದಲೇ ವೇತನ ಅಂತರ ಮಾಯವಾಯಿತೆಂದು ನಾನು ಹೇಳಲಾರೆ. ಗಂಡಸರ ಸ್ವಭಾವವೇ ಅಷ್ಟು ಎಂಬ ಮಾತಂತೂ ಅಲ್ಲಿಗೆ ಬಿದ್ದುಹೋಯಿತು.

ಒಂದೇ ಕೆಲಸಕ್ಕೆ ಕಡಿಮೆ ಸಂಬಳ ಎಂಬುದು ನಿಂತೇಹೋಗಿದೆ ಎಂದೂ ಭಾವಿಸಬೇಡಿ. ಅಮೆರಿಕದ ಅಲಬಾಮಾದ ಟೈರ್ ಕಾರ್ಖಾನೆಯಲ್ಲಿ ಮೇಲ್ವಿಚಾರಕಿಯಾಗಿದ್ದ ಲಿಲ್ಲಿ ಲೆಡ್‌ಬೆಟರ್ ಅವರ ತಿಂಗಳ ಸಂಬಳ 3,727 ಡಾಲರ್, ಅದೇ ಹುದ್ದೆಯಲ್ಲಿ ಎಲ್ಲರಿಗಿಂತ ಕಡಿಮೆ ಪಡೆಯುತ್ತಿದ್ದ ಗಂಡಸಿನ ಸಂಬಳ 4,286. ಆ ದೇಶದಲ್ಲಿ ಸಮಾನ ವೇತನ ಕಾಯ್ದೆ ಬಂದದ್ದು 1963ರಲ್ಲಿ. ಅವರು ಕೆಲಸಕ್ಕೆ ಸೇರಿದ್ದು 1979ರಲ್ಲಿ. ಸಹೋದ್ಯೋಗಿಗಳ ಸಂಬಳ ಅವರಿಗೆ ತಿಳಿದದ್ದು ಯಾರೋ ಹೆಸರು ಹಾಕದೆ ಬರೆದಿಟ್ಟ ಚೀಟಿಯಿಂದ, ನಿವೃತ್ತಿಯ ಹೊಸ್ತಿಲಲ್ಲಿ. ತಾರತಮ್ಯದ ತೀರ್ಮಾನವಾದ 180 ದಿನಗಳೊಳಗೆ ದೂರು ಕೊಡಬೇಕಿತ್ತು ಎಂದು 2007ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. 2009ರಲ್ಲಿ ಅವರ ಹೆಸರಿನಲ್ಲೇ ಕಾಯ್ದೆ ತಿದ್ದುಪಡಿಯಾಯಿತು. ಅವರಿಗೆ ಮಾತ್ರ ಬಾಕಿ ಹಣ ಸಿಗಲೇ ಇಲ್ಲ.

ಪ್ರಶ್ನೆ: ಮಹಿಳೆಯರು ಸಂಬಳ ಹೆಚ್ಚಿಸಿ ಎಂದು ಕೇಳುವುದೇ ಇಲ್ಲವಂತೆ. ಆತ್ಮವಿಶ್ವಾಸ ತರಬೇತಿಗೆ ಸೇರಲೇ?

ದುಡ್ಡು ಉಳಿಸಿಕೊಳ್ಳಿ. ಆಸ್ಟ್ರೇಲಿಯಾದ ಸುಮಾರು 4,600 ಉದ್ಯೋಗಿಗಳ ಮಾಹಿತಿ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸಮಾನ ಸ್ಥಿತಿಯಲ್ಲಿರುವ ಮಹಿಳೆಯರು ಗಂಡಸರಷ್ಟೇ ಸಲ ಕೇಳುತ್ತಾರೆ. ಕೇಳಿದ ಗಂಡಸರಲ್ಲಿ ಶೇ 20 ಮಂದಿಗೆ ಸಿಕ್ಕರೆ, ಕೇಳಿದ ಹೆಂಗಸರಲ್ಲಿ ಶೇ 15 ಮಂದಿಗೆ ಸಿಗುತ್ತದೆ. ಸೊಂಟದ ಮೇಲೆ ಕೈಯಿಟ್ಟು ಎರಡು ನಿಮಿಷ ನಿಂತರೆ ಹಾರ್ಮೋನು ಬದಲಾಗುತ್ತದೆ ಎಂದು ಕಲಿಸುವ ಶಿಬಿರಗಳು ಇನ್ನೂ ನಡೆಯುತ್ತಿವೆ. ಇದಕ್ಕೆ ಆಧಾರವಾಗಿದ್ದ 2010ರ ಸಂಶೋಧನೆಯ ಮೊದಲ ಲೇಖಕಿ ಡಾನಾ ಕಾರ್ನಿಯವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಎಂದು 2016ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ದೋಷ ಸಂಬಳಪಟ್ಟಿಯಲ್ಲಿದ್ದಾಗ ಹೆಣ್ಣಿನ ನಿಲುವನ್ನು, ದನಿಯನ್ನು ತಿದ್ದಲು ಹೊರಡುವವರು ಅವಳ ಹಣವನ್ನೂ ಕಸಿಯುತ್ತಿದ್ದಾರೆ, ತಪ್ಪು ಅವಳದ್ದೇ ಎಂದೂ ನಂಬಿಸುತ್ತಿದ್ದಾರೆ.

ಪ್ರಶ್ನೆ: ಮಾರ್ಚ್ 8ರಂದು ನಮ್ಮ ಸಂಸ್ಥೆಯ ಮಹಿಳೆಯರಿಗೆ ಏನು ಉಡುಗೊರೆ ಕೊಡಬಹುದು?

ದರ್ಜೆವಾರು ಸಂಬಳದ ಪಟ್ಟಿ. ಐಸ್‌ಲ್ಯಾಂಡ್‌ನಲ್ಲಿ 25 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಸಮಾನ ವೇತನ ಕೊಡುತ್ತಿರುವುದನ್ನು ತಾವೇ ಸಾಬೀತುಪಡಿಸಬೇಕೆಂಬ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಅದೂ ಉಡುಗೊರೆಯಾಗಿ ಬಂದದ್ದಲ್ಲ. 1975ರ ಅಕ್ಟೋಬರ್ 24ರಂದು ಅಲ್ಲಿನ ಶೇ 90ರಷ್ಟು ಮಹಿಳೆಯರು ಕಚೇರಿಯ ಕೆಲಸ, ಮನೆಗೆಲಸ ಎರಡನ್ನೂ ಬಿಟ್ಟು ಹೊರಬಂದಿದ್ದರು. ಮರುವರ್ಷ ಸಮಾನತೆಯ ಕಾಯ್ದೆ ಬಂತು, 1980ರಲ್ಲಿ ವಿಗ್ದಿಸ್ ಫಿನ್‌ಬೊಗಾದೊಟಿರ್ ರಾಷ್ಟ್ರಾಧ್ಯಕ್ಷೆಯಾಗಿ ಚುನಾಯಿತರಾದರು. 2023ರ ಅದೇ ದಿನಾಂಕದಂದು ಮತ್ತೆ ಮುಷ್ಕರ ನಡೆದಾಗ ಪ್ರಧಾನಿಯಾಗಿದ್ದ ಕತ್ರಿನ್ ಯಾಕೊಬ್ಸ್‌ದೊಟಿರ್ ಕೂಡ ಕೆಲಸಕ್ಕೆ ಹೋಗಲಿಲ್ಲ.

ಪ್ರಶ್ನೆ: ನನ್ನಷ್ಟೇ ಅನುಭವವಿರುವ, ನನ್ನದೇ ಹುದ್ದೆಯ ಗಂಡಸಿಗೆ ನನಗಿಂತ ಹೆಚ್ಚು ಸಂಬಳವೆಂದು ಗೊತ್ತಾಗಿದೆ. ಮುಖಕ್ಕೆ ರಾಜೀನಾಮೆ ಎಸೆದು ಬರಲೇ?

ದಯವಿಟ್ಟು ಬೇಡ. ಕೆಲಸ ಬಿಟ್ಟ ಮೇಲೆ ಕಡತಗಳೂ ಸಾಕ್ಷಿಗಳೂ ಕೈಗೆ ಸಿಗುವುದಿಲ್ಲ. ಈ ವಿಷಯದಲ್ಲಿ ನಾನು ಅತಿ ಎಚ್ಚರಿಕೆಯವಳು ಎಂದು ಕೆಲವರು ದೂರುತ್ತಾರೆ, ದೂರಲಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಕಾರ್ಯಕ್ಷಮತೆಯ ವರದಿ, ಯಾವ ಯಾವ ಕೆಲಸ ನಿಮಗೆ ಒಪ್ಪಿಸಲಾಗಿದೆ ಎಂಬ ಆದೇಶ, ಇವುಗಳಲ್ಲಿ ನಿಮ್ಮ ಬಳಿ ಇರಲು ಹಕ್ಕಿರುವುದರ ಪ್ರತಿಯನ್ನು ಮೊದಲು ಮನೆಯಲ್ಲಿಡಿ. ಸಂಬಳ ವ್ಯತ್ಯಾಸದ ಕಾರಣವನ್ನು ಬಾಯಿಮಾತಿನಲ್ಲಿ ಕೇಳದೆ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಕೊಡಲು ಕೋರಿ. ಒಂಟಿಯಾಗಿ ಹೋಗಬೇಡಿ, ಕಾರ್ಮಿಕ ಸಂಘವಿದ್ದರೆ ಅದರ ಮೂಲಕ, ಇಲ್ಲದಿದ್ದರೆ ಅದೇ ದರ್ಜೆಯ ಇನ್ನಿಬ್ಬರು ಮಹಿಳೆಯರೊಂದಿಗೆ ಹೋಗಿ. ಇವೆಲ್ಲಕ್ಕೂ ಮುಂಚೆ, ನೀವಿರುವ ದೇಶದಲ್ಲಿ ದೂರು ಸಲ್ಲಿಸಲು ಎಷ್ಟು ದಿನಗಳ ಗಡುವಿದೆ ಎಂದು ಕಾರ್ಮಿಕ ಕಾನೂನು ಬಲ್ಲ ವಕೀಲರೊಬ್ಬರನ್ನು ಈ ವಾರವೇ ಕೇಳಿ ತಿಳಿದುಕೊಳ್ಳಿ.