ಕ್ಯಾಪ್ಟನ್ ಪಾರ್ಟಿಗೆ ನೀವು ಹೋದ್ರಾ ಇಲ್ವಾ, ಅದನ್ನ ಮೊದ್ಲು ಹೇಳಿ

ನಮಸ್ಕಾರ. ನೀವು ಅಣ್ಣ ಅಂತ ಕರ್ದು ಬರಹ ಕಳ್ಸಿದೀರಿ, ಹಂಗಾಗಿ ನಾನೂ ತಂಗಿ ಅಂತ್ಲೇ ತಿಳ್ಕೊಂಡು ಬಿಚ್ಚಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. "ಕ್ರೂಸಿನಲ್ಲಿ ಕ್ಯಾಪ್ಟನ್ ಸ್ವಾಗತ ಕೂಟ: ಹೋಗಬೇಕೇ, ಬೇಡವೇ?" ಅನ್ನೋ ನಿಮ್ಮ ಬರಹ ಎರಡು ಸಲ ಓದ್ದೆ, ಒಂದ್ಸಲ ಶಿವಮೊಗ್ಗ ದುರ್ಗಿಗುಡಿಯ ನಮ್ಮ ಪತ್ರಿಕೆ ರೂಮಲ್ಲಿ, ಇನ್ನೊಂದ್ಸಲ ರಾತ್ರಿ ಮನೇಲಿ ಕರೆಂಟ್ ಹೋದಾಗ ಮೊಬೈಲಲ್ಲಿ. ಈಗಿರೋ ಹಂಗೆ ಹಾಕಕ್ಕಾಗಲ್ಲ. ಹಂಗಂತ ವಾಪಸ್ ಕಳ್ಸಿ ಸುಮ್ನೆ ಕೂರೋಕೂ ಮನಸ್ಸು ಬರ್ತಿಲ್ಲ.

ಅಡಿಕೆ ಕೊಯ್ಲು ಮುಗ್ಸಿ ತುಮರಿಯಿಂದ ಹೊರಟು, ಸಿಂಗಾಪುರದಲ್ಲಿ ಹಡಗು ಹತ್ತಿ, ಪೆನಾಂಗ್ ಫುಕೆಟ್ ನೋಡ್ಕೊಂಡು ಬರೋ ಟ್ರಿಪ್ಪು. ಎರಡನೇ ದಿನ ಸಂಜೆ ಕ್ಯಾಪ್ಟನ್ ಕಡೆಯಿಂದ ಪಾರ್ಟಿ ಅಂತ ಕಾರ್ಡ್ ಬಂತು, ಹೋಗೋದಾ ಬಿಡೋದಾ ಅಂತ ನೀವು, ನಿಮ್ಮ ಮನೆಯವ್ರು, ಅತ್ತೆ, ಮಾವ ನಾಲ್ಕೂ ಜನ ಆ ಬೆಂಕಿಪೊಟ್ಣದಂಥ ಕ್ಯಾಬಿನ್ನಲ್ಲಿ ಕೂತು ವಾದ. ಇಷ್ಟನ್ನ ನೀವು ಒಂದೇ ಪ್ಯಾರಾದಲ್ಲಿ ಮುಗ್ಸಿ, ಆಮೇಲೆ "ಭಾಗವಹಿಸುವುದರಿಂದ ಆಗುವ ಲಾಭಗಳು" ಅಂತ ಐದು, "ಅನಾನುಕೂಲಗಳು" ಅಂತ ಐದು ಪಾಯಿಂಟ್ ಹಾಕಿ, ಕೊನೆಗೆ "ಹೋಗುವುದು ಬಿಡುವುದು ಅವರವರ ಇಷ್ಟಕ್ಕೆ ಬಿಟ್ಟ ವಿಚಾರ" ಅಂತ ಕೈ ತೊಳ್ಕೊಂಡಿದೀರಿ. ಅಲ್ಲ ಮಾರಾಯ್ರೆ, ನಾಲ್ಕು ಪೇಜ್ ಓದಿಸಿ ನನ್ನಿಷ್ಟಕ್ಕೆ ಬಿಡೋದಾದ್ರೆ ಮೊದಲ್ನೇ ಪೇಜಲ್ಲೇ ಬಿಡಬಹುದಿತ್ತಲ್ವಾ?

ತಮಾಷೆ ಏನು ಗೊತ್ತಾ, ನೀವು ಹೋಗಿದ್ರಾ ಇಲ್ವಾ ಅಂತ ಎಲ್ಲೂ ನೇರವಾಗಿ ಬರ್ದಿಲ್ಲ. ಆದ್ರೆ ಮೂರನೇ ಪೇಜಲ್ಲಿ, ಖರ್ಚಿನ ವಿಷ್ಯದಲ್ಲಿ, "ಫೋಟೋಗೆ 20 ಡಾಲರ್ ಎಂದಿದ್ದಕ್ಕೆ ಮಾವನವರು ಬೇಡ ಎಂದರು" ಅಂತ ಒಂದು ಸಾಲು ನುಸುಳಿದೆ. ಕ್ಯಾಪ್ಟನ್ ಪಕ್ಕ ನಿಲ್ಲಿಸಿ ಹಡಗಿನ ಫೋಟೋಗ್ರಾಫರ್ ತೆಗೆಯೋ ಫೋಟೋ ತಾನೇ ಅದು? ಪಾರ್ಟಿಗೆ ಬಂದೋರನ್ನ ಹಂಗೆ ನಿಲ್ಲಿಸಿ ಕ್ಲಿಕ್ ಮಾಡಿ ಮಾರನೇ ದಿನ ಗ್ಯಾಲರೀಲಿ ಮಾರಕ್ಕಿಡ್ತಾರೆ. ಅಂದ್ರೆ ನೀವು ಹೋಗಿದೀರಿ! ನಾಲ್ಕೂ ಜನ ಹೋಗಿದೀರಿ, ನಿಂತಿದೀರಿ, ಫೋಟೋ ತೆಗೆಸ್ಕೊಂಡಿದೀರಿ, ಆಮೇಲೆ ಓದುಗರ ಹತ್ರ ಅದನ್ನ ಮುಚ್ಚಿಟ್ಟು ಲಾಭ ನಷ್ಟದ ಲೆಕ್ಕ ಹೇಳ್ತಾ ಕೂತಿದೀರಿ.

ಇಡೀ ಬರಹದಲ್ಲಿ ನಾನು ಅಂಡರ್‌ಲೈನ್ ಹಾಕಿರೋದು ಒಂದೇ ಕಡೆ. ಮಾವ ಹೇಳಿದ್ದು, "ಬಾಗ್ಲ ಸಂದೀಲಿ ಚೀಟಿ ತೂರಿ ಹೋದ್ರೆ ಅದು ಕರ್ದಂಗಾ?" ಎಂಥ ಮಾತು ನೋಡಿ. ನಮ್ಮ ಕಡೆ ಒಂದು ಉಪನಯನಕ್ಕೆ ಕರೆಯೋದಾದ್ರೂ ತೋಟ ಇಳಿದು ಗುಡ್ಡ ಹತ್ತಿ ಮನೆಗೇ ಬಂದು, ಆಸ್ರಿಗೆ ಕುಡ್ದು, ಎಲೆಅಡಿಕೆ ಕವಳ ಹಾಕ್ಕೊಂಡು, ಊರಿನ ಸುದ್ದಿಯೆಲ್ಲ ಮುಗಿದ ಮೇಲೆ ಎದ್ದು ನಿಂತು "ಎಲ್ರೂ ಹಿಂದಿನ ದಿನವೇ ಬಂದ್ಬಿಡಿ" ಅಂತ ಹೇಳಿ ಹೋಗ್ಬೇಕು, ಇಲ್ದಿದ್ರೆ ಆ ಮಾತು ಹತ್ತು ವರ್ಷ ಉಳಿಯತ್ತೆ. ಅಂಥ ಮನುಷ್ಯಂಗೆ ಹೆಸರೂ ಸರಿಯಾಗಿ ಬರೀದೇ ಇರೋ ಒಂದು ಕಾರ್ಡ್ ಬಾಗಿಲಡಿಯಿಂದ ಒಳಗೆ ಬಂದ್ರೆ ಹೆಂಗಾಗಿರ್ಬೇಕು? ನೀವು ಬರೀಬೇಕಾದ್ದು ಇದು. ಅದೇ ಕಾರ್ಡನ್ನ ಅತ್ತೆ ಮಾತಾಡ್ದೆ ಎತ್ತಿ ತಮ್ಮ ಕವಳದ ಸಂಚಿಗೆ ಹಾಕ್ಕೊಂಡ್ರು ಅಂತ ಮುಂದಿನ ಸಾಲಲ್ಲೇ ಬರ್ದಿದೀರಿ, ಅಲ್ಲಿಗೆ ವಾದ ತೀರ್ಮಾನ ಆಯ್ತು ಅಂತ ನಂಗೆ ಗೊತ್ತಾಯ್ತು. ಆದ್ರೆ ಅದರ ಹಿಂದೇನೇ "ಇದರಿಂದ ಹಿರಿಯರ ಕುತೂಹಲ ಮನೋಭಾವ ವ್ಯಕ್ತವಾಗುತ್ತದೆ" ಅಂತ ಬರ್ದು ಸಾರಿಗೆ ನೀರು ಸುರ್ದಂಗೆ ಮಾಡಿದೀರಿ. ಆ ಸಾಲು ಹೊಡೆದು ಹಾಕಿ.

ಈಗ ತಪ್ಪುಗಳು. ಒಂದು ತಪ್ಪು ದೊಡ್ಡದು, ಅದಕ್ಕೆ ನಂಗೆ ಸಿಟ್ಟೇ ಬಂತು. "ಕಡ್ಡಾಯವಲ್ಲದ ಕಾರ್ಯಕ್ರಮಗಳು" ಅಂತ ಹೇಳಿ ಕ್ಯಾಪ್ಟನ್ ಪಾರ್ಟಿ ಜೊತೆಗೆ ಲೈಫ್ ಜಾಕೆಟ್ ಡ್ರಿಲ್ಲನ್ನೂ, ಅಂದ್ರೆ ಅಪಾಯ ಬಂದ್ರೆ ಏನ್ ಮಾಡ್ಬೇಕು ಅಂತ ಕಲಿಸೋ ತಾಲೀಮನ್ನೂ ಸೇರಿಸ್ಬಿಟ್ಟಿದೀರಿ. ಪಾರ್ಟಿಗೆ ಚಕ್ಕರ್ ಹೊಡೀರಿ, ಯಾರೂ ಕೇಳಲ್ಲ. ಡ್ರಿಲ್ಲಿಗೆ ಹಂಗಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ರ ಕೋಸ್ಟಾ ಕಾಂಕಾರ್ಡಿಯಾ ಅನ್ನೋ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚ್ತಲ್ಲ, 32 ಜನ ಹೋದ್ರು, ಅವತ್ತು ಸಂಜೆ ಹತ್ತಿದ ನೂರಾರು ಜನಕ್ಕೆ ಡ್ರಿಲ್ ಇನ್ನೂ ಆಗೇ ಇರ್ಲಿಲ್ಲ. ಆಗಿನ ರೂಲ್ಸಲ್ಲಿ ಹತ್ತಿ 24 ಗಂಟೆಯೊಳಗೆ ಮಾಡಿದ್ರೆ ಸಾಕಿತ್ತು. ಆಮೇಲೆ ಬದಲಾಯ್ಸಿದ್ರು, 2015ರಿಂದ ಹಡಗು ಹೊರಡೋಕೆ ಮೊದ್ಲು ಇಲ್ಲಾ ಹೊರಟ ಕೂಡ್ಲೆ ಡ್ರಿಲ್ ಆಗ್ಲೇಬೇಕು. ನಿಮ್ಮ ಬರಹ ಓದಿ ಯಾರೋ ಒಬ್ರು ಏಳು ಸಲ ಚಿಕ್ಕದಾಗಿ ಒಂದು ಸಲ ಉದ್ದಕ್ಕೆ ಅಪಾಯದ ಸೈರನ್ ಕೂಗಿದ್ರೂ ಕ್ಯಾಬಿನ್ನಲ್ಲಿ ಮಲಗಿದ್ರೆ ಅದರ ಪಾಪ ನಂಗೂ ಬರತ್ತೆ, ನಿಮ್ಗೂ ಬರತ್ತೆ.

"ಕ್ಯಾಪ್ಟನ್ ಪಾರ್ಟಿಯಲ್ಲಿದ್ದ ಕಾರಣ ಅಷ್ಟು ಹೊತ್ತು ಹಡಗು ನಿಂತಿತ್ತು" ಅನ್ನೋದೂ ಸುಳ್ಳು, ನಿಂತಿರಲ್ಲ. ಮೇಲೆ ಬ್ರಿಜ್ಜಲ್ಲಿ, ಅಂದ್ರೆ ಹಡಗು ನಡೆಸೋ ಕೋಣೇಲಿ, ಆಫೀಸರ್‌ಗಳು ಪಾಳಿ ಮೇಲೆ ಇದ್ದೇ ಇರ್ತಾರೆ, ಹಳೇ ಪದ್ಧತಿ ನಾಲ್ಕು ಗಂಟೆ ಡ್ಯೂಟಿ, ಎಂಟು ಗಂಟೆ ಬಿಡುವು.

ಇನ್ನೊಂದು, "ಕ್ಯಾಪ್ಟನ್ ಯಾರ ಕೈಯನ್ನೂ ಕುಲುಕಲಿಲ್ಲ, ಅಧಿಕಾರದ ಅಹಂಕಾರ" ಅಂತ ಬರ್ದಿದೀರಿ. ಪಾಪ ಆ ಮನುಷ್ಯನ ಮೇಲೆ ಯಾಕೆ ಸುಮ್ನೆ. ಸಾವಿರಾರು ಜನ ಒಂದೇ ಕಡೆ ಉಂಡು ಮಲಗೋ ಜಾಗ ಅದು, ನೊರೊವೈರಸ್ ಅಂತ ವಾಂತಿ ಭೇದಿ ಒಬ್ರಿಗೆ ಹಿಡಿದ್ರೆ ಇಡೀ ಹಡಗಿಗೆ ಹಬ್ಬತ್ತೆ, ಸ್ಯಾನಿಟೈಜರ್ ಅದಕ್ಕೆ ಅಷ್ಟಾಗಿ ನಾಟಲ್ಲ, ಸೋಪು ನೀರೇ ಆಗ್ಬೇಕು. ಅದಕ್ಕೇ ಎಷ್ಟೋ ಹಡಗಲ್ಲಿ ಕ್ಯಾಪ್ಟನ್‌ಗಳು ಕೈ ಕೊಡಲ್ಲ. ಇದು ಗೊತ್ತಿದ್ದಿದ್ರೆ ನಿಮ್ಗೆ ಎಂಥಾ ಚಿತ್ರ ಸಿಕ್ತಿತ್ತು ನೋಡಿ, ಭುಜದ ಮೇಲೆ ನಾಲ್ಕು ಚಿನ್ನದ ಪಟ್ಟಿ ಹಾಕಿರೋ ಆ ಕ್ಯಾಪ್ಟನ್ ಕೈ ಎಲ್ಲಿಡೋದು ಅಂತ ತಿಳೀದೆ ನಿಂತಿದಾನೆ, ನಿಮ್ಮ ಅತ್ತೆ ಹೋಗಿ ನೆಟ್ಟಗೆ ನಮಸ್ಕಾರ ಮಾಡಿದಾರೆ. ಮಾಡಿದ್ರಲ್ವಾ? ಮಾಡದೇ ಇದ್ರೆ ಬರೀಬೇಡಿ, ನಾನು ಹೇಳ್ದೆ ಅಂತ ಹುಟ್ಟಿಸಬೇಡಿ.

ಶುರುವಲ್ಲಿ "ಜೀವನದಲ್ಲಿ ಮೊದಲ ಬಾರಿಗೆ ಜಲಯಾನದ ಅನುಭವ, ನೀಲ ಸಾಗರದ ಮಡಿಲಲ್ಲಿ" ಅಂತಿದೆ. ತುಮರಿ ಕಡೆಯೋರು ಈ ಮಾತು ಹೇಳೋದಾ? 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಕಟ್ಟಿ ಶರಾವತಿ ನೀರು ಸುತ್ತ ನಿಂತ ಮೇಲೆ ಸಾಗರ ಪೇಟೆಗೆ ಬರಕ್ಕೆ ಹಿನ್ನೀರು ದಾಟಿಸೋ ಲಾಂಚೇ ಗತಿಯಾಗಿತ್ತು ನಿಮ್ಮೂರಿಗೆ. ಬಸ್ಸು, ಜೀಪು, ದಿಬ್ಬಣ, ಬಾಳೆಗೊನೆ, ಹೆರಿಗೆ ನೋವಿನ ಹೆಂಗಸು, ಎಲ್ಲಾ ಒಂದೇ ಲಾಂಚಲ್ಲಿ. ನಾನೂ ಒಂದ್ಸಲ ಕೊನೇ ಲಾಂಚ್ ತಪ್ಪಿಸ್ಕೊಂಡು ಅಂಬಾರಗೋಡ್ಲು ದಡದಲ್ಲಿ ನಿಂತು, ಆಚೆ ಕಳಸವಳ್ಳಿ ಕಡೆ ದೀಪ ನೋಡ್ತಾ ಹೊಟ್ಟೆ ಹಸ್ಕೊಂಡು ಬೈಕೊಂಡಿದೀನಿ. 2025ರ ಜುಲೈ 14ಕ್ಕೆ ಆ ಎರಡೂ ದಡ ಸೇರಿಸೋ ಸಿಗಂದೂರು ಸೇತುವೆ ಓಪನ್ ಆಯ್ತು, ಸುಮಾರು ಎರಡೂವರೆ ಕಿಲೋಮೀಟರ್, ಈಗ ಐದು ನಿಮಿಷಕ್ಕೆ ದಾಟ್ತೀವಿ. ಜನ್ಮಪೂರ್ತಿ ಲಾಂಚ್ ಕಾದು ಕಾದು ಓಡಾಡಿದ ನಿಮ್ಮ ಮಾವ, ದುಡ್ಡು ಕೊಟ್ಟು ಇನ್ನೊಂದು ಹಡಗು ಹತ್ತಿ, ಅದನ್ನ ನಡೆಸೋನೇ ಪಾರ್ಟಿಗೆ ಕರೀತಿದಾನೆ ಅಂದಾಗ ಏನಂದ್ರು? ಲಾಂಚಿನ ಮಾತು ಬಂದೇ ಬಂದಿರತ್ತೆ, ನಾನು ಬೆಟ್ ಕಟ್ತೀನಿ. ನೀವು ಅದು ಹಳ್ಳಿ ಮಾತು ಅಂತ ಬಿಟ್ಟಿರ್ತೀರಿ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. ಮಾವ ಮಾತಾಡೋ ಸಾಲುಗಳು ಜೀವಂತವಾಗಿವೆ, ನೀವು ಮಾತಾಡೋ ಸಾಲುಗಳು ಹೈಸ್ಕೂಲ್ ಪ್ರಬಂಧ. "ಔತಣಕೂಟ", "ನೌಕಾಧಿಪತಿ" ಇವೆಲ್ಲ ಯಾರಿಗೆ? ಪಾರ್ಟಿ ಅನ್ನಿ, ಕ್ಯಾಪ್ಟನ್ ಅನ್ನಿ.

ನೀವು ಪತ್ರದಲ್ಲಿ ನನ್ನ ಅಭಿಪ್ರಾಯಾನೂ ಕೇಳಿದೀರಿ, ಹೋಗ್ಬೇಕಾ ಬೇಡ್ವಾ ಅಂತ. ನಾನಾದ್ರೆ ಹೋಗ್ತೀನಪ್ಪ. ಮುಕ್ಕಾಲು ಗಂಟೆ ಆದ್ರೆ ಹೆಚ್ಚು, ಒಂದು ಗ್ಲಾಸ್ ಪುಕ್ಕಟೆ, ಕುಡಿಯಲ್ಲ ಅಂದ್ರೆ ಜ್ಯೂಸು, ಕ್ಯಾಪ್ಟನ್ ಎರಡು ಜೋಕ್ ಹೇಳಿ ಚೀಫ್ ಎಂಜಿನಿಯರು, ಹೋಟೆಲ್ ನೋಡ್ಕೊಳೋರು ಅಂತ ಒಬ್ಬೊಬ್ರನ್ನೇ ಪರಿಚಯ ಮಾಡಿಸ್ತಾನೆ, ಮುಗೀತು. ಸೂಟ್ ಇಲ್ಲ ಅಂತ ಹೆದರಬೇಕಾಗಿಲ್ಲ, ರೇಷ್ಮೆ ಸೀರೆಗಿಂತ ಫಾರ್ಮಲ್ ಇನ್ಯಾವ್ದಿದೆ. ಆದ್ರೆ ನನ್ನ ಅಭಿಪ್ರಾಯ ನಿಮ್ಮ ಬರಹದಲ್ಲಿ ಬೇಡ. ಮಾವ ಬೇಡ ಅಂದೋರು ಕೊನೆಗೆ ಯಾಕೆ ಎದ್ದು ಹೊರಟ್ರು, ಏನ್ ಉಟ್ಕೊಂಡ್ರು, ಅಲ್ಲಿ ಗ್ಲಾಸ್ ಹಿಡಿದ್ರಾ ಇಲ್ವಾ, ಅದು ಬೇಕು ನಂಗೆ.

ಪಾಯಿಂಟ್ಸ್ ಎಲ್ಲ ತೆಗೀರಿ, ಎರಡು ಪೇಜಿಗೆ ತನ್ನಿ, ಮುಂದಿನ ತಿಂಗಳ 10ರೊಳಗೆ ಕಳ್ಸಿ. ಗೌರವಧನ ಕೊಡ್ತೀವಿ, ಆ ಫೋಟೋ ಕೊಳ್ಳೋಷ್ಟೂ ಇರಲ್ಲ, ಈಗ್ಲೇ ಹೇಳಿರ್ತೀನಿ. ಮತ್ತೆ ಆ ಕಾರ್ಡು ಅತ್ತೆ ಸಂಚೀಲಿ ಈಗ್ಲೂ ಇದ್ಯಾ? ಕೇಳಿ ನೋಡಿ, ಇದ್ರೆ ಅದರಲ್ಲಿ ನಿಮ್ಮೆಲ್ರ ಹೆಸರು ಹೆಂಗೆ ಬರ್ದಿದಾರೆ ಅಂತ ಇದ್ದಿದ್ದು ಇದ್ದಂಗೆ ಬರೀರಿ.