ಕರ್ನಲ್ಲಿನ ರೀಡ್-ಓನ್ಲಿ ಪುಟಕ್ಕೆ ಬರೆಯಲು ಡಬ್ಲ್ಯುಪಿ ಬಿಟ್ ಆಫ್ ಮಾಡಬಹುದೇ?

ತುಮಕೂರಿನಲ್ಲಿ ಕಾಲೇಜು ಪ್ರಾಜೆಕ್ಟಿಗಾಗಿ ಲಿನಕ್ಸ್ ಮಾಡ್ಯೂಲ್ (ಕರ್ನಲ್ಲಿಗೆ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಸೇರಿಸುವ ಕೋಡು) ಬರೆಯುತ್ತಿರುವ ನೀವು, ರೀಡ್-ಓನ್ಲಿ (ಓದಲಷ್ಟೇ ಅನುಮತಿಯಿರುವ) ಮೆಮೊರಿ ಪುಟವನ್ನು ತಿದ್ದಲು, ಸಿಪಿಯುವಿನ ನಿಯಂತ್ರಣ ರಿಜಿಸ್ಟರಾದ ಸಿಆರ್0ದಲ್ಲಿ ಇಂಥ ಬರಹವನ್ನು ತಡೆಯುವ ಡಬ್ಲ್ಯುಪಿ (ರೈಟ್ ಪ್ರೊಟೆಕ್ಟ್) ಬಿಟ್ಟನ್ನು ಕ್ಷಣಕಾಲ ಆಫ್ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ಬಿಟ್ ಸೊನ್ನೆಯಾದೊಡನೆ ಆ ಸಿಪಿಯುವಿನಲ್ಲಿ ಕರ್ನಲ್ ಯಾವ ರೀಡ್-ಓನ್ಲಿ ಪುಟಕ್ಕೆ ಬೇಕಾದರೂ ಬರೆಯಬಹುದು. ಒಂದು ತೆಂಗಿನ ಸಸಿಗಾಗಿ ತೋಟದ ಬೇಲಿಯನ್ನೆಲ್ಲ ಕಿತ್ತಂತೆ.

ಅನುಮತಿ (ಸಾಮಾನ್ಯವಾಗಿ 4096 ಬೈಟಿನ) ಇಡೀ ಪುಟಕ್ಕೆ ಅನ್ವಯಿಸುವುದರಿಂದ, ನಿಮ್ಮದೇ ಕೋಡನ್ನು ಪ್ರತ್ಯೇಕ ಪುಟದಲ್ಲಿರಿಸಿ, ಮೊದಲು ಬರೆದು, ಬಳಿಕ ರೀಡ್-ಓನ್ಲಿ ಮಾಡಿ, ಆಮೇಲಷ್ಟೇ ಚಲಾಯಿಸುವ ಅನುಮತಿ ಕೊಡಿ. ಬರೆಯುವ ಮತ್ತು ಚಲಾಯಿಸುವ ಅನುಮತಿಗಳು ಎಂದೂ ಜೊತೆಗಿರಬಾರದು. ಪುಟಗಳ ಅನುಮತಿಯನ್ನು ದಾಖಲಿಸುವ ಪುಟಪಟ್ಟಿಯನ್ನು (ಪೇಜ್ ಟೇಬಲ್) ಕೈಯಾರೆ ತಿದ್ದಿದರೆ, ಉಳಿದ ಸಿಪಿಯುಗಳು ಆ ಪಟ್ಟಿಯ ನಕಲನ್ನು ಇಟ್ಟುಕೊಳ್ಳುವ ಟಿಎಲ್‌ಬಿಯಲ್ಲಿ ಹಳೆಯ ಅನುಮತಿಯೇ ಉಳಿದೀತು (ಇದು ಪತ್ತೆಹಚ್ಚಲು ಬಲು ಕಷ್ಟದ ದೋಷ). ಆದ್ದರಿಂದ ಆ ಹಳೆಯ ನಕಲನ್ನೂ ಅಳಿಸುವ, ಕರ್ನಲ್ಲಿನದೇ ಸೆಟ್-ಮೆಮೊರಿ ಫಂಕ್ಷನ್‌ಗಳನ್ನು ಬಳಸಿ; ಆದರೆ ಹೊಸ ಕರ್ನಲ್‌ಗಳಲ್ಲಿ ಇವು ಪ್ರತ್ಯೇಕವಾಗಿ ಲೋಡ್ ಮಾಡುವ ಮಾಡ್ಯೂಲಿಗೆ ನೇರವಾಗಿ ಸಿಗುವುದಿಲ್ಲ, ಕರ್ನಲ್ಲಿನೊಳಗೇ ಸೇರಿಸಿದ ಕೋಡಿಗಷ್ಟೇ ಸಿಗುತ್ತವೆ.