ಮುಂಗಡ ಪಡೆದವರು ಕರಾರಿನಂತೆ ಯಂತ್ರ ಕೊಡದಿದ್ದರೆ ಕಾನೂನಿನಲ್ಲಿ ಏನು ಪರಿಹಾರವಿದೆ?

ಮುಂಗಡ ಪಡೆದು ಯಂತ್ರ ಒದಗಿಸುವುದಾಗಿ ಬರೆದುಕೊಟ್ಟವರು ಈಗ ಕೊಡುವುದಿಲ್ಲ ಎನ್ನುತ್ತಿದ್ದಾರೆ, ಕೆಲಸ ನಿಂತು ಕೈತಪ್ಪಿದ ಲಾಭವನ್ನೆಲ್ಲ ಅವರಿಂದ ವಸೂಲು ಮಾಡಬಹುದೇ ಎಂದು ಕೇಳಿದ್ದೀರಿ. ಅವರು ಹೀಗೆ ಖಚಿತವಾಗಿ ನಿರಾಕರಿಸಿದ್ದರೆ, 1872ರ ಭಾರತೀಯ ಕರಾರು ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೀವು ಕರಾರನ್ನು ಕೊನೆಗೊಳಿಸಿ, ಮುಂಗಡದ ಜೊತೆಗೆ ನಷ್ಟಪರಿಹಾರವನ್ನೂ ಕೇಳಬಹುದು. ತೊಡಕಿರುವುದು ಲಾಭ "ಎಲ್ಲವನ್ನೂ" ಎಂಬ ಮಾತಿನಲ್ಲಿ.

ಕರಾರು ಮುರಿದದ್ದರಿಂದ ಸಹಜವಾಗಿ ಉಂಟಾಗುವ ನಷ್ಟಕ್ಕೆ, ಇಲ್ಲವೇ ಮುರಿದರೆ ಹೀಗಾದೀತೆಂದು ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ತಿಳಿದಿದ್ದ ನಷ್ಟಕ್ಕೆ ಮಾತ್ರ 73ನೇ ಸೆಕ್ಷನ್ ಪರಿಹಾರ ಕೊಡುತ್ತದೆ. 1854ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣದಲ್ಲಿ ಹೇಳಿದ್ದೂ ಇದನ್ನೇ. ಹಿಟ್ಟಿನ ಗಿರಣಿಯೊಂದರ ಮುರಿದ ಶಾಫ್ಟನ್ನು, ಅದರ ಮಾದರಿಯಲ್ಲಿ ಹೊಸದನ್ನು ಮಾಡಿಸಲು ಕಳುಹಿಸಿದ್ದರು. ಸಾಗಣೆದಾರರು ತಡಮಾಡಿದ್ದರಿಂದ ಗಿರಣಿ ಇನ್ನೂ ಕೆಲವು ದಿನ ನಿಂತಿತು. ಆ ಶಾಫ್ಟ್ ಇಲ್ಲದೆ ಗಿರಣಿ ನಡೆಯದೆಂಬುದು ಸಾಗಣೆದಾರರ ಗಮನಕ್ಕೆ ಬಂದಿರಲಿಲ್ಲವೆಂಬ ಕಾರಣಕ್ಕೆ ಆ ದಿನಗಳ ಲಾಭವನ್ನು ಅವರ ಮೇಲೆ ಹೊರಿಸಲಾಗದೆಂದು ತೀರ್ಪಾಯಿತು. ಆದ್ದರಿಂದ ಯಂತ್ರ ಯಾವ ಕೆಲಸಕ್ಕೆ, ಯಾವ ದಿನದೊಳಗೆ ಬೇಕೆಂದು ನೀವು ಮೊದಲೇ ತಿಳಿಸಿದ್ದ ಪತ್ರ ಅಥವಾ ಸಂದೇಶವಿದ್ದರೆ ಅದನ್ನು ಜೋಪಾನ ಮಾಡಿ. ನಿಮ್ಮ ದಾವೆಗೆ ಅದಕ್ಕಿಂತ ಬಲವಾದ ಆಧಾರ ಬೇರೆಯಿಲ್ಲವೆಂದೇ ನನ್ನ ಅಭಿಪ್ರಾಯ.

ನಷ್ಟ ಬೆಳೆಯಲಿ ಎಂದು ಕೈಕಟ್ಟಿ ಕೂರುವಂತಿಲ್ಲ. ಅದನ್ನು ತಗ್ಗಿಸಲು ನಿಮಗಿದ್ದ ದಾರಿಗಳನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿ ಇಲ್ಲಿ ಬಹಳ ಉಪಯುಕ್ತವಾಗಿದೆ: ಕನಿಷ್ಠ 30 ದಿನಗಳ ಲಿಖಿತ ನೋಟಿಸ್ ಕೊಟ್ಟು, ಆಗಲೂ ಅವರು ಕೆಲಸ ಪೂರೈಸದಿದ್ದರೆ, ಬೇರೆಯವರಿಂದ ಅದನ್ನು ಮಾಡಿಸಿಕೊಂಡು ಅದರ ವೆಚ್ಚವನ್ನು ಅವರಿಂದ ವಸೂಲು ಮಾಡಬಹುದು. ಹಾಗೆ ಮಾಡಿಸಿಕೊಂಡ ಮೇಲೆ, ಕರಾರಿನಂತೆ ನೀವೇ ಕೊಡಿ ಎಂದು ಅವರನ್ನು ಒತ್ತಾಯಿಸುವ ಹಕ್ಕು ಉಳಿಯುವುದಿಲ್ಲ. ನಷ್ಟಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ.

ಕರಾರಿನಲ್ಲಿ ದಂಡದ ಮೊತ್ತ ನಮೂದಾಗಿದ್ದರೂ ಅದು ಪೂರ್ತಿ ಸಿಗುತ್ತದೆಂದು ಭಾವಿಸಬೇಡಿ. ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯಾಲಯಕ್ಕೆ ಸಮಂಜಸವೆನಿಸಿದಷ್ಟು ಮಾತ್ರ ಸಿಗುತ್ತದೆ.

ನಷ್ಟಪರಿಹಾರದ ದಾವೆಯನ್ನು ಸಾಮಾನ್ಯವಾಗಿ ಕರಾರು ಮುರಿದ ದಿನದಿಂದ 3 ವರ್ಷಗಳೊಳಗೆ ಹೂಡಬೇಕು. ಮಾತುಕತೆ ನಡೆಯುತ್ತಿದೆ ಎಂಬ ಕಾರಣಕ್ಕೆ ಆ ಗಡುವು ತಾನಾಗಿ ಮುಂದೆ ಹೋಗುವುದಿಲ್ಲವಾದ್ದರಿಂದ, ಕಾಗದಪತ್ರಗಳೊಂದಿಗೆ ವಕೀಲರನ್ನು ಕಂಡು ಈಗಲೇ ನೋಟಿಸ್ ಕಳುಹಿಸಿ.